ಕಡೇ ಎಲೆ

ಊಟಕ್ಕೆ ಕರೆದಾಗ ಕಡೇ ಜಾಗದಲ್ಲಿ ಕೂತುಕೊಳ್ಳಿ, ಆಗ ಕರೆದವನೇ ಬಂದು ‘ಸ್ನೇಹಿತನೇ, ಮೇಲಕ್ಕೆ ಬಾ’ ಎಂದು ಎಲ್ಲರೆದುರು ಮರ್ಯಾದೆ ಮಾಡುತ್ತಾನೆ ಎಂದು ಯೇಸು ಹೇಳಿದ್ದನ್ನು ಪಾಸ್ಟರ್ ಅಯ್ಯನವರು ಬೆಳಿಗ್ಗೆ ಪ್ರಸಂಗದಲ್ಲಿ ಬಿಡಿಸಿ ಹೇಳಿದ್ದರು. ಜ್ಞಾನಶೇಖರ ಮೇಷ್ಟ್ರ ಮನಸ್ಸಿಗೆ ಆ ಮಾತು ಚೆನ್ನಾಗಿ ನಾಟಿತ್ತು. ಮಧ್ಯಾಹ್ನ ಬೆಳೆಹಬ್ಬದ ಊಟಕ್ಕೆ ಎಲೆ ಹಾಕುತ್ತಲೇ ಅವರು ಬಾಗಿಲ ಬಳಿಯ ಕಡೇ ಎಲೆಗೆ ಓಡಿದರು. ಅಲ್ಲಿ ಕ್ವಾಯರ್ ನಡೆಸುವ ಯೆಶಾಯಪ್ಪ ಆಗಲೇ ಕೂತಿದ್ದರು.

“ಸ್ವಲ್ಪ ಆ ಕಡೆ ಸರೀರಿ, ಇದು ನನ್ನ ಜಾಗ.”

“ಆಮೆನ್ ಹೇಳೋಕೂ ಕಾಯದೆ ಬಂದು ಹಿಡಿದಿದೀನಿ, ಮೇಷ್ಟ್ರೇ.”

“ನಿಮಗಿಂತ ನಾನು ಕಡೆಯವನು ಕಣ್ರೀ!”

“ಅದು ಹೇಗೆ? ನನಗಿಂತ ತಗ್ಗಿದವನು ಈ ಸಭೇಲಿ ಯಾರಿದಾರೆ, ತೋರಿಸಿ!”

ದನಿ ಏರಿತು. ಊಟಕ್ಕೆ ಕೂತವರೆಲ್ಲ ತಿರುಗಿ ನೋಡಿದರು. ಅಡುಗೆಯ ಕಡೆಯಿಂದ ಅಯ್ಯನವರು ನಗುತ್ತ ಬಂದರು.

“ಸ್ನೇಹಿತರೇ, ಮೇಲಕ್ಕೆ ಬನ್ನಿ. ಮೊದಲನೇ ಸಾಲಿಗೇ ಬನ್ನಿ.”

ಇಬ್ಬರೂ ಒಟ್ಟಿಗೇ ಹೊರಟರು. ಮೇಷ್ಟ್ರು ಶರ್ಟು ಸರಿಮಾಡಿಕೊಂಡು, ಎಲ್ಲರ ಮುಖ ನೋಡುತ್ತ ನಡೆದರು. ಮೊದಲ ಸಾಲು ಮುಟ್ಟುತ್ತಲೇ ಅಯ್ಯನವರು ಅವರ ಕೈಗೆ ಸಾಂಬಾರಿನ ಬಕೆಟ್ಟು, ಯೆಶಾಯಪ್ಪನವರ ಕೈಗೆ ಅನ್ನದ ಬುಟ್ಟಿ ಕೊಟ್ಟು ಹೇಳಿದರು: “ಇಲ್ಲಿಂದ ಶುರುಮಾಡಿ, ಆ ಕಡೇ ಎಲೆವರೆಗೂ ಬಡಿಸ್ಕೊಂಡು ಹೋಗಿ.”