ಸತ್ತೆವ್ವನ ಪಾಲಕರು

‘ನಾಳೆ ಪಾಲಕರನ್ನ ಕರಕೊಂಡ ಬಾ. ಇಲ್ಲಾಂದ್ರ ಸಾಲ್ಯಾಗಿಂದ ನಿನ್ನ ಹೆಸರು ತಗೀತೇನಿ,’ ಎಂದರು ಹೆಡ್‌ಮಾಸ್ತರ ಅಡಿವೆಯ್ಯನವರು. ಆಮೇಲೆ ಮೀಸೆಯಡಿಯಲ್ಲೇ ನಕ್ಕು, ‘ನಿನಗೂ ಒಬ್ಬರು ಪಾಲಕರು ಇರಬೇಕಲ್ಲ?’ ಎಂದು ಸೇರಿಸಿದರು.

ಸತ್ತೆವ್ವ ತಲೆ ತಗ್ಗಿಸಲಿಲ್ಲ. ‘ಅದಾರ್ರೀ ಗುರುಗಳ. ಕರಕೊಂಡ ಬರ್ತೇನಿ.’

ಅವಳ ತಪ್ಪು ಇಷ್ಟೇ. ದಾಂಡೇಲಿಯ ಆ ಹೈಸ್ಕೂಲಿನಲ್ಲಿ ಹುಡುಗರಿಗೆ ಆಟದ ತಾಸು ಇತ್ತು. ಅದೇ ತಾಸಿಗೆ ಹುಡುಗಿಯರು ಕಿಟಕಿ ಮುಚ್ಚಿದ ಕೋಣೆಯಲ್ಲಿ ಹೊಲಿಗೆ ಹಾಕುತ್ತ ಕೂರಬೇಕು. ಮಳೆಗಾಲ ಮುಗಿಯುವಷ್ಟರಲ್ಲಿ ಎಲ್ಲರ ಮುಖ ಬಿಳಿಚಿಕೊಂಡಿತ್ತು. ಮೆಕ್ಯಾನಿಕ್ ಸುಭಾನಿಯ ಮಗಳು ಸಕೀನಾ ಒಂದು ದಿನ ಸೂಜಿ ಹಿಡಿದಂತೆಯೇ ಬೆಂಚಿನಿಂದ ಕೆಳಗೆ ಉರುಳಿದಳು. ನೀರು ಚಿಮುಕಿಸಿ ಎಬ್ಬಿಸಿದವಳು ಸತ್ತೆವ್ವ. ಮರುದಿನದಿಂದ ಹೊಲಿಗೆಯ ತಾಸಿಗೆ ಅವಳು ಹುಡುಗಿಯರನ್ನೆಲ್ಲ ಶಾಲೆಯ ಹಿಂದಿನ ಬಯಲಿಗೆ ಕರೆದೊಯ್ದಳು. ಮೊದಲು ಬರೀ ನಡೆದರು. ಆಮೇಲೆ ಓಡಿದರು. ಅರ್ಧ ಉಳಿಯುತ್ತಿದ್ದ ರೊಟ್ಟಿ ಡಬ್ಬಿಗಳು ಪೂರ್ತಿ ಖಾಲಿಯಾಗತೊಡಗಿದವು. ಹೊಲಿಗೆ ಕಲಿಸುವ ಬಾಯಿಯವರು ಕಂಡೂ ಕಾಣದವರಂತೆ ಇದ್ದುಬಿಟ್ಟರು.

ಅರವತ್ತನಾಲ್ಕರ ಫೆಬ್ರುವರಿ. ವರ್ಷದ ಕೊನೆಯ ಸ್ನೇಹಸಮ್ಮೇಳನ ಹತ್ತಿರ ಬಂತು. ಹುಡುಗರಿಗೆ ಓಟ, ಕಬಡ್ಡಿ, ಹಗ್ಗಜಗ್ಗಾಟ. ಹುಡುಗಿಯರಿಗೆ ರಂಗೋಲಿ ಮತ್ತು ಸ್ವಾಗತಗೀತೆ. ಆಗ ಹಿಂದಿನ ಬೆಂಚಿನಿಂದ ಸತ್ತೆವ್ವ ಎದ್ದು ನಿಂತು, ‘ನಾವೂ ಓಡ್ತೇವ್ರಿ,’ ಅಂದಿದ್ದಳು. ಅದಕ್ಕೇ ಈ ಕರೆ.

ಸಂಜೆ ಕಾಗದದ ಗಿರಣಿಯ ಭೋಂಗಾ ಕೂಗಿದ ಮೇಲೆ ಮಾಲವ್ವ ಮನೆಗೆ ಬಂದಳು. ಅವಳದು ಅಲ್ಲಿ ಬಿದಿರು ಒಟ್ಟುವ ಅಂಗಳದಲ್ಲಿ ಕೂಲಿ. ಮನೆಯಲ್ಲಿ ಇದ್ದವರು ಇಬ್ಬರೇ. ಸತ್ತೆವ್ವ ಪುಸ್ತಕ ಮಡಚಿಟ್ಟು ನಡೆದದ್ದನ್ನೆಲ್ಲ ಹೇಳಿದಳು.

‘ಹಟಾ ಬಿಟ್ಟಬಿಡ್ಲೇನು? ಹೆಸರು ತಗದ್ರ ನೀ ಪಟ್ಟ ಕಷ್ಟ ಎಲ್ಲಾ ಮಣ್ಣಪಾಲು.’

ಮಾಲವ್ವ ಸೆರಗಿಗೆ ಅಂಟಿದ್ದ ಬಿದಿರಿನ ಸಿಬಿರುಗಳನ್ನು ಕೊಡವಿದಳು. ‘ನಾ ದುಡೀತೇನಿ, ನೀ ಓದು ಅಂತ ಹೇಳಿ ಸಾಲಿಗೆ ಹಚ್ಚಿದಾಕಿ ನಾನ. ಹೆಸರು ತಗದ್ರ ಮತ್ತ ಹಚ್ಚೂಣು. ಯವ್ವಾ, ನೀನ ಅಂಜಿ ಕುಂತ್ರ ಆ ಹುಡುಗ್ಯಾರ ಗತಿ ಏನು?’

ಮರುದಿನ ಹೆಡ್‌ಮಾಸ್ತರರು ಮಾಲವ್ವನಿಗೆ ಕುರ್ಚಿ ತೋರಿಸಲಿಲ್ಲ. ಅವಳೇ ಎಳೆದುಕೊಂಡು ಕುಳಿತಳು. ಸತ್ತೆವ್ವ ಅವಳ ಹಿಂದೆ ನಿಂತಳು.

‘ನೀನರ ಈಕಿಗೆ ಬುದ್ಧಿ ಹೇಳು,’ ಎಂದರು ಹೆಡ್‌ಮಾಸ್ತರರು. ‘ಈ ವಯಸ್ಸಿನಾಗ ಸೀರಿ ಉಟಗೊಂಡು ಮೈದಾನದಾಗ ಓಡೂದಂದ್ರ ಮಂದಿ ನಗೂದಿಲ್ಲೇನು?’

‘ಹೇಳೇನ್ರಿ,’ ಎಂದಳು ಮಾಲವ್ವ. ‘ಓಡೂಮುಂದ ಹಿಂದ ತಿರಗಿ ನೋಡಬ್ಯಾಡ ಅಂತ ಹೇಳೇನಿ.’

‘ಮನ್ಯಾಗ ಗಂಡಸರು ಯಾರೂ ಇಲ್ಲೇನು?’

‘ಇದ್ದಿದ್ರ ಈಕಿ ಸಾಲಿಗೆ ಬರ್ತಿರಲಿಲ್ರಿ. ಇನ್ನೂ ಒಲಿ ಮುಂದ ಕುಂತಿರತಿದ್ಲು.’

ಹೆಡ್‌ಮಾಸ್ತರರ ಮುಖ ಕೆಂಪಾಯಿತು. ‘ಓಡಿದ ದಿನಾನ ಹೆಸರು ಹೋತು ಅಂತ ತಿಳಕೊಳ್ರಿ.’

ಸಮ್ಮೇಳನದ ದಿನ ಮೈದಾನದ ಸುತ್ತ ಊರೇ ನೆರೆದಿತ್ತು. ಮುಖ್ಯ ಅತಿಥಿಯಾಗಿ ಧಾರವಾಡದಿಂದ ಒಬ್ಬ ಡಾಕ್ಟರಬಾಯಿ ಬಂದಿದ್ದರು. ಹುಡುಗರ ಓಟಗಳು ಮುಗಿದವು. ಇನ್ನು ಬಹುಮಾನ ಹಂಚಿಕೆ ಎಂದು ಹೆಡ್‌ಮಾಸ್ತರರು ಧ್ವನಿವರ್ಧಕದಲ್ಲಿ ಸಾರಿದರು.

ಆಗ ಸತ್ತೆವ್ವ ಮೈದಾನಕ್ಕೆ ಇಳಿದಳು. ನೆರಿಗೆ ಎತ್ತಿ ಕಚ್ಚೆ ಹಾಕಿ, ಸೆರಗು ಸೊಂಟಕ್ಕೆ ಬಿಗಿದು, ಸುಣ್ಣದ ಗೆರೆಯ ಮೇಲೆ ಒಬ್ಬಳೇ ನಿಂತಳು. ಜನ ಗೊಳ್ಳೆಂದು ನಕ್ಕರು. ಯಾರೋ ಸಿಳ್ಳೆ ಹೊಡೆದರು. ಅವಳ ಕತ್ತು ಬೆವರಿತು, ಆದರೆ ಕಾಲು ಗೆರೆ ಬಿಡಲಿಲ್ಲ.

ಹುಡುಗಿಯರ ಸಾಲಿನಿಂದ ಸಕೀನಾ ಎದ್ದು ಬಂದಳು. ಸತ್ತೆವ್ವನ ಪಕ್ಕ ಗೆರೆಯ ಮೇಲೆ ನಿಂತಳು. ಜನರ ನಡುವೆ ಅವಳಪ್ಪ ಸುಭಾನಿ ದಡಕ್ಕನೆ ಎದ್ದು ನಿಂತ. ಎಳೆದೊಯ್ಯುತ್ತಾನೆಂದೇ ಎಲ್ಲರೂ ಅಂದುಕೊಂಡರು.

‘ಚಪ್ಪಲ್ ಬಿಟ್ಟು ಓಡು, ಬೇಟಿ!’ ಎಂದು ಕೂಗಿದ ಸುಭಾನಿ.

ಮತ್ತೊಬ್ಬಳು ಬಂದಳು. ಆಮೇಲೆ ಉಳಿದವರೆಲ್ಲ ಬಂದರು. ಸೀಟಿ ಊದಬೇಕಾದ ಮಾಸ್ತರರು ಹೆಡ್‌ಮಾಸ್ತರರ ಮುಖ ನೋಡುತ್ತ ನಿಂತರು. ಜನರ ನಡುವಿನಿಂದ ಮಾಲವ್ವನೇ, ‘ಓಡ್ರಿ!’ ಎಂದು ಕಿರುಚಿದಳು.

ಓಡಿದರು. ಜಡೆಗಳು ಬಿಚ್ಚಿದವು, ಧೂಳೆದ್ದಿತು, ನಗುತ್ತಿದ್ದವರು ನಗು ನಿಲ್ಲಿಸಿದರು. ಎಲ್ಲರಿಗಿಂತ ಮುಂದೆ ಬಂದವಳು ಸಕೀನಾ. ಎಲ್ಲರಿಗಿಂತ ಹಿಂದೆ, ಪಕ್ಕೆ ಹಿಡಿದುಕೊಂಡು, ಏದುಸಿರು ಬಿಡುತ್ತ ಬಂದವಳು ಸತ್ತೆವ್ವ. ಆದರೂ ಅಷ್ಟು ಜೋರಾಗಿ ನಕ್ಕವರು ಆ ಮೈದಾನದಲ್ಲಿ ಮತ್ತ್ಯಾರೂ ಇರಲಿಲ್ಲ.

‘ಸತ್ತೆವ್ವ, ನಾಳಿಂದ ಸಾಲಿಗೆ ಬರಬ್ಯಾಡ!’ ಹೆಡ್‌ಮಾಸ್ತರರ ದನಿ ಧ್ವನಿವರ್ಧಕದಲ್ಲಿ ಗುಡುಗಿತು.

‘ಹಂಗಾರ ನಮ್ಮ ಹೆಸರೂ ತಗೀರಿ,’ ಎಂದಳು ಸಕೀನಾ. ಹುಡುಗಿಯರೆಲ್ಲ ಸತ್ತೆವ್ವನ ಸುತ್ತ ಒತ್ತಾಗಿ ನಿಂತರು.

ಡಾಕ್ಟರಬಾಯಿ ನಿಧಾನವಾಗಿ ಎದ್ದರು. ‘ಯಾರ ಹೆಸರೂ ತಗೀಬ್ಯಾಡ್ರಿ, ಮಾಸ್ತರ. ಹುಡುಗ್ಯಾರ ಮೈಯಾಗ ಇಷ್ಟು ಕಸುವು ತುಂಬೂದು, ವರ್ಷಪೂರ್ತಿ ಔಷಧಿ ಕುಡಿಸಿದ್ರೂ ನನ್ನ ಕೈಲೆ ಆಗದ ಕೆಲಸ. ಸೋಮವಾರದಿಂದ ಹುಡುಗ್ಯಾರಿಗೂ ಆಟದ ತಾಸು ಇರತೈತಿ, ಹೌದಲ್ಲ?’

ಇಡೀ ಊರಿನ ಮುಂದೆ ಹೆಡ್‌ಮಾಸ್ತರರು ಹೂಂ ಅನ್ನಲೇಬೇಕಾಯಿತು.

ಡಾಕ್ಟರಬಾಯಿ ಕೆಳಗಿಳಿದು, ಚಪ್ಪಾಳೆ ತಟ್ಟುತ್ತಲೇ ಕಣ್ಣೀರು ಒರೆಸಿಕೊಳ್ಳುತ್ತಿದ್ದ ಮಾಲವ್ವನ ಹತ್ತಿರ ಬಂದರು. ‘ಕೊನೀಗೆ ಬಂದಾಕಿ ನಿನಗ ಏನಾಗಬೇಕು?’

‘ನನ್ನ ಹಡೆದವ್ವರೀ,’ ಎಂದಳು ಮಾಲವ್ವ. ‘ಈ ವರ್ಷ ಹತ್ತನೇ ಇಯತ್ತೆ ಓದಾಕತ್ತಾಳ.’