ಬಿಸಿನೀರು ಕುಡಿ ಅನ್ನಬಾರದು

ಬಾಗಿಲು ತೆರೆದಾಗ ಎದುರಿಗೆ ನಿಂತಿದ್ದವನ ಕೂದಲು ಬೆಳ್ಳಿಯ ಬಣ್ಣದ್ದಾಗಿತ್ತು. ಕತ್ತಿನವರೆಗೆ ಗುಂಡಿ ಹಾಕಿದ ಕಪ್ಪು ಕೋಟು, ಕೈಯಲ್ಲಿ ಬಿಳಿ ಹೂಗಳು. ವೆನ್‌ಚಿ ಫೋನ್ ಎತ್ತುತ್ತಿಲ್ಲ, ಅದಕ್ಕೆ ಮೇಲೆ ಬಂದೆ ಎಂದು ಮೆಲುದನಿಯಲ್ಲಿ ಹೇಳಿದ. ಗುಯಿಲಾನ್ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಶಾಂಘೈಯ ಕೆಲಸ ಬಿಟ್ಟು ಮಗಳು ವೆನ್‌ಚಿ ಚೆಂಗ್ಡುವಿನ ಮನೆಗೆ ಮರಳಿ ಎಂಟು ತಿಂಗಳಾಗಿತ್ತು. ಯಾಕೆ ಬಿಟ್ಟಳೆಂದು ಇವತ್ತಿಗೂ ಬಾಯಿ ಬಿಟ್ಟಿರಲಿಲ್ಲ. ಹೀಗೊಬ್ಬ ಇದ್ದಾನೆ ಎಂಬುದನ್ನೂ ಹೇಳಿರಲಿಲ್ಲ.

"ತಲೆಗೆ ಸ್ನಾನ ಮಾಡಿ ಕೂದಲು ಒಣಗಿಸ್ತಿದಾಳೆ. ಒಳಗೆ ಬಾಪ್ಪ," ಎಂದಳು.

ಸ್ನಾನದ ಮನೆಯಿಂದ ಡ್ರೈಯರ್ ಸದ್ದು ಬರುತ್ತಿತ್ತು. ಅದು ನಿಲ್ಲುವುದರೊಳಗೆ ಕೇಳಬೇಕಾದ್ದನ್ನೆಲ್ಲ ಕೇಳಿಬಿಡಬೇಕು. ಯಾವ ಊರು, ಅಪ್ಪ ಅಮ್ಮ ಏನು ಮಾಡುತ್ತಾರೆ, ಹುಟ್ಟಿದ್ದು ಯಾವ ವರ್ಷ ಎಂದು ಒಂದೇ ಉಸಿರಿನಲ್ಲಿ ಕೇಳಿದಳು. ಡ್ರ್ಯಾಗನ್ ವರ್ಷವಂತೆ. ಮಗಳಿಗಿಂತ ನಾಲ್ಕು ವರ್ಷ ಚಿಕ್ಕವನು. ಇರಲಿ, ಇಲಿಯ ವರ್ಷದಲ್ಲಿ ಹುಟ್ಟಿದವಳಿಗೆ ಪಂಚಾಂಗದ ಪ್ರಕಾರ ಇದಕ್ಕಿಂತ ಒಳ್ಳೆಯ ಜೋಡಿ ಎಲ್ಲಿ ಸಿಗಬೇಕು? ಅಷ್ಟರಲ್ಲಿ ಅವನು ಬಗ್ಗಿ ಬೂಟು ಬಿಚ್ಚಿದ. ಹತ್ತೊಂಬತ್ತು ವರ್ಷ ಬೂಟಿನ ಕಾರ್ಖಾನೆಯಲ್ಲಿ ದುಡಿದ ಕಣ್ಣು ಗುಯಿಲಾನ್‌ದು. ಬೂಟಿನೊಳಗೆ ಎತ್ತರ ಕಾಣಲೆಂದು ಇಟ್ಟ ಮೂರು ಬೆರಳು ದಪ್ಪದ ಮೆತ್ತೆ, ಅದರ ಮೇಲಿಂದ ಹೊರಬಂದದ್ದು ಪುಟ್ಟ ಪಾದ.

"ನೀನು ಹುಡುಗಿ ಅಲ್ವೇನೇ?"

"ಹೌದು, ಆಂಟಿ." ಈಗ ಬಂದದ್ದು ಅವಳದೇ ದನಿ.

ಹೆಸರು ಜಿಂಗ್ಯಾ ಎಂದಳು. ವೆನ್‌ಚಿ ಫೋನಿನಲ್ಲಿ ಆಡುವ ಆಟದಲ್ಲಿ ಬೆಳ್ಳಿಗೂದಲಿನ ಸೇನಾಪತಿಯೊಬ್ಬನಿದ್ದಾನೆ. ದುಡ್ಡು ಕೊಟ್ಟು ಕರೆದವರ ಜೊತೆ ಅವನ ವೇಷದಲ್ಲಿ ಒಂದು ದಿನ ಕಳೆಯುವುದು ಇವಳ ಕೆಲಸ. ಜೊತೆಗೆ ನಡೆಯುವುದು, ಉಣ್ಣುವುದು, ಕೊಡೆ ಹಿಡಿಯುವುದು. ಕರೆಯುವವರೆಲ್ಲ ಹೆಂಗಸರೇ.

"ಈ ಕೆಲಸಕ್ಕೆ ಗಂಡು ಹುಡುಗರು ಸಿಗಲ್ವಾ?"

"ಸಿಗ್ತಾರೆ. ಯಾರೂ ಕರೆಯಲ್ಲ."

ಸಿಟ್ಟು ಬರಬೇಕಿತ್ತು. ಬರಲಿಲ್ಲ. ಹೊಸ ಮಾದರಿಯ ಬೂಟು ಕೈಗೆ ಸಿಕ್ಕರೆ ಒಳಗೆ ಹೇಗೆ ಹೊಲಿದಿದ್ದಾರೆಂದು ಮಗುಚಿ ನೋಡುವುದು ಗುಯಿಲಾನ್‌ಳ ಹಳೆಯ ಅಭ್ಯಾಸ; ಈಗಲೂ ಅದೇ ಕುತೂಹಲ. ಹುಡುಗಿ ಸಣ್ಣಗೆ ಕೆಮ್ಮಿದಳು. ಗುಯಿಲಾನ್ ಫ್ಲಾಸ್ಕಿನಿಂದ ಲೋಟಕ್ಕೆ ಸುರಿದು, ಗಂಟಲು ಕಟ್ಟಿದೆ, ಬಿಸಿನೀರು ಕುಡಿ ಎಂದಳು. ಹುಡುಗಿಗೆ ನಗು ತಡೆಯಲಾಗಲಿಲ್ಲ.

"ಇವತ್ತಿಡೀ ನಾನು ಆಡಬಾರದ ಮಾತು ಅಂದ್ರೆ ಇದೊಂದೇ, ಆಂಟಿ. ವೆನ್‌ಚಿ ಅಕ್ಕ ಮೊದಲೇ ಬರೆದು ಕಳಿಸಿದಾರೆ." ಹೇಳಿದವಳು ನಾಲಿಗೆ ಕಚ್ಚಿಕೊಂಡಳು.

ಗುಯಿಲಾನ್ ಕುಳಿತುಕೊಂಡಳು. ನೆಗಡಿಯಾದರೆ ಬಿಸಿನೀರು, ಹೊಟ್ಟೆನೋವಿಗೆ ಬಿಸಿನೀರು. ಪರೀಕ್ಷೆಯಲ್ಲಿ ಫೇಲಾದಾಗಲೂ ಅದೇ. ಎರಡು ಸೂಟ್‌ಕೇಸು ಎಳೆದುಕೊಂಡು ಮಗಳು ಬಾಗಿಲಿಗೆ ಬಂದು ನಿಂತ ದಿನವೂ ಅದೇ. ಕಾರ್ಖಾನೆ ಮುಚ್ಚಿದ ದಿನ ಗುಯಿಲಾನ್‌ಳ ತಾಯಿ ಅವಳಿಗೆ ಕೊಟ್ಟಿದ್ದೂ ಅದನ್ನೇ. ಕೊಡುವುದಕ್ಕೆ ಬೇರೇನಾದರೂ ಇರಬಹುದೆಂದು ಇಬ್ಬರಿಗೂ ಹೊಳೆದಿರಲಿಲ್ಲ.

"ಮತ್ತೆ ಏನು ಹೇಳ್ಬೇಕಂತೆ?"

"ಏನೂ ಹೇಳೋ ಹಾಗಿಲ್ಲ. ಏನಾಯ್ತು ಅಂತ ಒಂದ್ಸಲ ಕೇಳ್ಬೇಕು. ಆಮೇಲೆ ಸುಮ್ಮನಿರ್ಬೇಕು."

"ಅಷ್ಟೇನಾ?"

"ಅದೇ ಕಷ್ಟ, ಆಂಟಿ. ಮಿಕ್ಕಿದ್ದು ಬರೀ ಬಟ್ಟೆ, ಕೂದಲು."

ಗುಯಿಲಾನ್ ಸ್ನಾನದ ಮನೆಯ ಕಡೆ ನೋಡಿ ದನಿ ತಗ್ಗಿಸಿದಳು. "ಕೆಲಸ ಯಾಕೆ ಬಿಟ್ಟಳು ಅಂತ ನಿನಗೆ ಹೇಳಿದಾಳಾ?"

ಹುಡುಗಿ ಲೋಟದೊಳಗೆ ನೋಡುತ್ತ ಕುಳಿತಳು. "ಹೋದ ಸಲ ಹೇಳಿದ್ರು," ಎಂದಳು. ಅಷ್ಟು ಹೇಳಿ ಲೋಟ ಕೆಳಗಿಟ್ಟಳು. ಗುಯಿಲಾನ್ ಒತ್ತಾಯಿಸಲಿಲ್ಲ. ಡ್ರೈಯರ್ ನಿಂತಿತು. ಹುಡುಗಿ ಬೂಟು ಮೆಟ್ಟಿ ಲೇಸು ಬಿಗಿದು, ಬೆನ್ನು ನೆಟ್ಟಗೆ ಮಾಡಿ, ಮತ್ತೆ ಸೇನಾಪತಿಯಾದಳು. ಇಬ್ಬರೂ ಹೊರಟ ಮೇಲೆ ಕಿಟಕಿಯಿಂದ ನೋಡಿದರೆ, ಕೆಳಗೆ ಗೇಟು ದಾಟಿದ ಕೂಡಲೇ ಸೇನಾಪತಿ ತಾನು ವಾಹನಗಳು ಓಡುವ ಬದಿಗೆ ಸರಿದು ಮಗಳನ್ನು ಒಳಬದಿಗೆ ಬಿಟ್ಟುಕೊಂಡಿದ್ದು ಕಾಣಿಸಿತು.

ಸಂಜೆ ದೀಪ ಹಾಕುವ ಹೊತ್ತಿಗೆ ವೆನ್‌ಚಿ ಒಬ್ಬಳೇ ಮರಳಿದಳು. ಬಾಗಿಲ ಬಳಿಯ ಸ್ಟೂಲಿನ ಮೇಲೆ ಕುಳಿತು ಒಂದು ಬೂಟು ಬಿಚ್ಚಿದಳು. ಗುಯಿಲಾನ್‌ಳ ಕೈ ತನ್ನಷ್ಟಕ್ಕೆ ಫ್ಲಾಸ್ಕಿನತ್ತ ಹೋಗಿ ಲೋಟ ತುಂಬಿತ್ತು.

"ಏನಾಯ್ತು, ವೆನ್‌ಚಿ?"

"ಯಾವಾಗ?"

"ಶಾಂಘೈಯಲ್ಲಿ."

ಬೂಟನ್ನು ಕೈಯಲ್ಲೇ ಹಿಡಿದು ಮಗಳು ಅಮ್ಮನ ಮುಖ ನೋಡಿದಳು. ಹೋಗಲಿ ಬಿಡು, ಬೇರೆ ಕೆಲಸ ಸಿಗುತ್ತೆ, ಊಟ ಸರಿಯಾಗಿ ಮಾಡು, ಇಷ್ಟು ಹೊತ್ತಿಗೆ ಮದುವೆಯಾಗಿದ್ದರೆ ಎಂಬ ಮಾತುಗಳೆಲ್ಲ ಗುಯಿಲಾನ್‌ಳ ಗಂಟಲಿಗೆ ನುಗ್ಗಿ ಬಂದವು. ಬಾಯಿಗೆ ಏನಾದರೂ ಕೆಲಸ ಕೊಡಲೇಬೇಕಿತ್ತು. ಲೋಟವನ್ನೆತ್ತಿ ತಾನೇ ಗುಟುಕು ಗುಟುಕಾಗಿ ಕುಡಿಯತೊಡಗಿದಳು.

ಲೋಟ ಅರ್ಧಕ್ಕೆ ಇಳಿದಾಗ, ಇನ್ನೊಂದು ಬೂಟು ಬಿಚ್ಚದೆಯೇ, ಮಗಳು ಮಾತು ಶುರು ಮಾಡಿದಳು. ಗುಯಿಲಾನ್ ಮತ್ತೊಂದು ಲೋಟ ತುಂಬಿಸಿಕೊಂಡಳು.