ಜೊತೆಗೊಬ್ಬರ ಪಾಸು

ಅಕ್ಕನ ಬದಲು ಒಂದು ದಿನ ನಾನು ಅಪ್ಪನ ಜೊತೆ ಹೋಗಬೇಕಿತ್ತು, ಹೋಗಲಿಲ್ಲ. ಈಗಲೂ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಬೆಣ್ಣೆ ಬನ್ನಿನ ವಾಸನೆ ಬಂದರೆ ಆ ಮಧ್ಯಾಹ್ನ ಎದುರಿಗೆ ಬಂದು ನಿಲ್ಲುತ್ತದೆ.

ಸೈನ್ಯದಲ್ಲಿ ಕಾಲು ಕಳೆದುಕೊಂಡಿದ್ದ ಅಪ್ಪನಿಗೆ ಮಿಲಿಟರಿ ಆಸ್ಪತ್ರೆಗೆ ಹೋಗಿಬರಲು ರೈಲಿನ ಪಾಸಿತ್ತು. ಅದರಲ್ಲಿ ನೋಡಿಕೊಳ್ಳುವ ಒಬ್ಬರಿಗೂ ಜಾಗ. ಅಮ್ಮನಿಗೆ ಕೂಲಿ ತಪ್ಪಿಸುವಂತಿರಲಿಲ್ಲ; ಆ ಒಬ್ಬರು ಯಾವಾಗಲೂ ಅಕ್ಕ. ಉರಿಗಾಂನ ಗಣಿ ಕಾರ್ಮಿಕರ ಸಾಲಿನ ನಮ್ಮ ಲೈನ್ ಮನೆಗೆ ಅವಳು ಬಂಗಾರಪೇಟೆಯಲ್ಲಿ ಅಪ್ಪ ಕೊಡಿಸಿದ ಬನ್ನಿನ ಸಕ್ಕರೆಯನ್ನು ತುಟಿಗೆ ಅಂಟಿಸಿಕೊಂಡು ಹಿಂತಿರುಗುತ್ತಿದ್ದಳು. "ಇವಳೇ ಕಣ್ಲಾ ನನ್ನ ಕಾಲು" ಎಂದು ಅಪ್ಪ ಅವಳ ಹೆಗಲು ತಟ್ಟಿದರೆ ನನ್ನ ಹೊಟ್ಟೆ ಉರಿಯುತ್ತಿತ್ತು.

ಆ ಮಧ್ಯಾಹ್ನ ಅಕ್ಕ ಅಪ್ಪನ ಒರಟು ಖಾಕಿ ಚೀಲವನ್ನು ನನ್ನ ಮಡಿಲಿಗಿಟ್ಟಳು. "ನಾಳೆ ನಂಗೆ ಎಸ್ಸೆಸ್ಸೆಲ್ಸಿ ಲೆಕ್ಕದ ಪರೀಕ್ಷೆ ಕಣ್ಲಾ. ಅಪ್ಪನ ಒಸ ಕಾಲಿನ ಅಳತೇನೂ ನಾಳೇನೇ. ನೀನು ಓಗು."

"ಬನ್ನು ತಿನ್ನೋಕೆ ನೀನು, ಚೀಲ ಒರೋಕೆ ನಾನಾ? ಪಾಸು ನಿಂದೇ ಅಲ್ವಾ, ನೀನೇ ಓಗು!"

ಅವಳೇ ಹೋದಳು. "ಪರೀಕ್ಷೆ ಮುಂದಿನ ಸಲ ಬರೀಬೋದು ಬಿಡು" ಎಂದಳು ಅಮ್ಮ. ಮುಂದಿನ ಸಲವೂ ಆಸ್ಪತ್ರೆಯಿತ್ತು. ಅಕ್ಕ ಆ ಪರೀಕ್ಷೆ ಬರೆಯಲೇ ಇಲ್ಲ.

ಅಪ್ಪ ಈಗಿಲ್ಲ. ಮೊನ್ನೆ ಅದೇ ಪ್ಲಾಟ್‌ಫಾರ್ಮಿನಲ್ಲಿ ಬನ್ನು ಮುರಿದು ಅಕ್ಕನ ಕೈಗಿಟ್ಟೆ.

"ನಿನ್ನ ಪಾಸು ನಾನೇ ಕಿತ್ಕೊಂಡೆ ಕಣಕ್ಕಾ. ತಪ್ಪಾಯ್ತು."